ಎಳೆಯುವ ಗಾಡಿಯ ಎಣ್ಣೆ

ಮಗಳು ಲಾರಿಯಡಿ ಮಲಗಿ, ಗೇರ್‌ಬಾಕ್ಸಿನ ಬೋಲ್ಟು ಬಿಚ್ಚಿ ಕಿರುಬೆರಳು ತೂರಿಸಿದಳು. ಹತ್ತಿದ ಎಣ್ಣೆಯನ್ನು ಉಜ್ಜಿ ಮೂಸಿದಳು. ಸೀದ ವಾಸನೆ.

ಅಪ್ಪನನ್ನು ಮಲಗಿಸಿದ್ದ ಶವದ ಗಾಡಿ ಹೊರಡುವಾಗಲೇ ಕೆಟ್ಟು ನಿಂತಿತ್ತು. ಸ್ಮಶಾನವೋ ಗುಡ್ಡದ ಮೇಲೆ. ಮೂವತ್ತು ವರ್ಷ ಊರಿನ ಕೆಟ್ಟ ಗಾಡಿಗಳನ್ನೆಲ್ಲ ಎಳೆದು ತಂದ ಅಪ್ಪನ ಲಾರಿಯೇ ಈಗ ಅದನ್ನೂ ಎಳೆಯಬೇಕು. ಚಿಕ್ಕಪ್ಪ ಆಗಷ್ಟೇ ಲಾರಿಯನ್ನು ಗ್ಯಾರೇಜಿನಿಂದ ತಂದಿದ್ದ.

“ಹೋಗೋ ದಿನಾನೂ ಗಿರಾಕಿ ಬಿಡಲಿಲ್ಲ ನೋಡು ಅವನ್ನ,” ಎಂದ ಟೈರಿನಂಗಡಿಯವನು, ಕಣ್ಣೊರೆಸಿಕೊಳ್ಳುತ್ತ.

ಚಿಕ್ಕಪ್ಪ ಬಗ್ಗಿದ. ಅಪ್ಪ ಹಾಸಿಗೆ ಹಿಡಿದ ಮೇಲೆ ಲಾರಿ ಓಡಿಸುತ್ತಿದ್ದವನು ಅವನೇ. “ಏಳಮ್ಮ. ಎಣ್ಣೆ ಬದಲಾಯಿಸೋಕೆ ಕಂಪನಿ ಪುಸ್ತಕದಲ್ಲಿ ನಲವತ್ತು ಸಾವಿರ ಕಿಲೋಮೀಟರ್ ಅಂತಿದೆ. ಇನ್ನೂ ಇಪ್ಪತ್ತಾರೇ ಆಗಿರೋದು.”

“ಎಳೆಯೋ ಗಾಡಿಗೆ ಇಪ್ಪತ್ತೇ ಚಿಕ್ಕಪ್ಪ. ಗುಡ್ಡದ ಮಧ್ಯ ಗೇರು ಕೈಕೊಟ್ರೆ?” ಅವಳ ದನಿ ಸಣ್ಣದು; ಕೈ ಮಾತ್ರ ನಿಲ್ಲಲಿಲ್ಲ.

“ಜನ ಕಾಯ್ತಿದಾರೆ!”

“ಕಾಯ್ಲಿ ಬಿಡಪ್ಪ,” ಬಾಗಿಲಲ್ಲಿ ಕೂತಿದ್ದ ಅಮ್ಮ ಹೇಳಿದಳು. “ಮದುವೆ ದಿನ ಅವರು ನನ್ನನ್ನ ಕಾಯಿಸಿದ್ದೂ ಇದಕ್ಕೇ.”

*

ಅವಳು ಶಾಲೆ ಬಿಟ್ಟ ವರ್ಷ ಅಪ್ಪ ಎರಡು ಎಣ್ಣೆ ಡಬ್ಬಗಳನ್ನು ಮುಂದಿಟ್ಟಿದ್ದ.

“ಯಾವುದು ಹಾಕ್ತೀಯ?”

ಅವಳು ಎರಡರಲ್ಲೂ ಕಡ್ಡಿ ಅದ್ದಿ ಎತ್ತಿದಳು. ಒಂದು ಪಟಪಟ ತೊಟ್ಟಿಕ್ಕಿತು, ಇನ್ನೊಂದು ನೂಲಿನಂತೆ ಇಳಿಯಿತು. ಎರಡನೆಯದನ್ನು ತೋರಿಸಿದಳು.

“ಭೇಷ್! ಪುಸ್ತಕ ಬರೆದೋನು ಗಾಡಿ ಬರೀ ಓಡತ್ತೆ ಅಂದ್ಕೊಂಡ ಮಗಾ. ನಮ್ಮದು ಇನ್ನೊಬ್ಬರ ಭಾರಾನೂ ಎಳಿಯತ್ತೆ. ಗಟ್ಟಿ ಎಣ್ಣೆ ಹಾಕು, ಅರ್ಧಕ್ಕೇ ಬದಲಾಯಿಸು.”

ಆಮೇಲೆ ಲಾರಿಯ ಬಾಗಿಲ ಒಳಮೈಯಲ್ಲಿ, ಮತ್ತೆ ಎಣ್ಣೆ ಬದಲಾಯಿಸಬೇಕಾದ ಕಿಲೋಮೀಟರಿನ ಅಂಕಿಯನ್ನು ಬಿಳಿ ಬಣ್ಣದಿಂದ ಬರೆದಿದ್ದ.

*

ಬಿಸಿ ಎಣ್ಣೆ ಕಪ್ಪಗೆ ಬೋಗುಣಿಗೆ ಸುರಿಯಿತು. ಕೆಳಗಿನ ಬೋಲ್ಟಿನ ಅಯಸ್ಕಾಂತಕ್ಕೆ ಗೇರಿನ ಹಲ್ಲು ಸವೆದ ಕಬ್ಬಿಣದ ಪುಡಿ ಮುಳ್ಳುಮುಳ್ಳಾಗಿ ಅಂಟಿತ್ತು. ಅವಳು ಅದನ್ನು ಚಿಕ್ಕಪ್ಪನತ್ತ ಚಾಚಿದಳು.

ಅವನು ನೋಡಿದ. ಜೇಬಿನಿಂದ ಕೀಲಿಕೈ ತೆಗೆದು ಅವಳ ಎಣ್ಣೆಯಂಗೈಯಲ್ಲಿಟ್ಟ. “ನೀನೇ ಓಡಿಸಮ್ಮ.”

ಹೊಸ ಎಣ್ಣೆ ತುಂಬಿದಳು. ಎರಡನೇ ಗೇರಿನಲ್ಲಿ, ಒಮ್ಮೆಯೂ ನಿಲ್ಲದೆ, ಲಾರಿ ಅಪ್ಪನನ್ನು ಗುಡ್ಡ ಹತ್ತಿಸಿತು.

ಮಣ್ಣು ಹಾಕಿ ಜನ ಇಳಿಯತೊಡಗಿದಾಗ ಅವಳು ಲಾರಿಯ ಬಾಗಿಲು ತೆರೆದಳು. ಅಪ್ಪನ ಅಂಕಿಗಳು ಒಂದರ ಕೆಳಗೊಂದು ನಿಂತಿದ್ದವು. ಮೀಟರು ನೋಡಿ, ಇಪ್ಪತ್ತು ಸಾವಿರ ಕೂಡಿಸಿ, ಕೊನೆಯದರ ಕೆಳಗೆ ಬರೆದಳು. ಬಣ್ಣ ಒಣಗುವವರೆಗೂ ಬಾಗಿಲು ಮುಚ್ಚಲಿಲ್ಲ.