ಗಾಳಿಗೆ ಬಾಡಿಗೆ

“ನಿಮಗೆ ಟಿಕೆಟ್ ಇಲ್ಲಮ್ಮ. ಚೀಲಕ್ಕೈತೆ.”

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಹೀಗೆಂದಾಗ, ಸುಂಕಲಮ್ಮ ಆಧಾರ್ ಕಾರ್ಡ್ ಹಿಡಿದ ಕೈಯನ್ನು ಚಾಚಿಕೊಂಡೇ ನಿಂತುಬಿಟ್ಟಳು. ಪಕ್ಕದಲ್ಲಿ ಮೂರು ಮಂಡಕ್ಕಿ ಚೀಲ, ಒಂದೊಂದೂ ಅವಳ ಎದೆಯೆತ್ತರ.

“ಏನಪ್ಪಾ, ಅರವತ್ತು ಕೆಜಿ ನಾನು ಪುಕ್ಕಟೆ, ಎಂಟೆಂಟು ಕೆಜಿ ಮಂಡಕ್ಕಿ ಚೀಲಕ್ಕೆ ದುಡ್ಡಾ?”

“ತೂಕ ಯಾರ್ ಕೇಳಿದ್ರು? ಜಾಗ ನೋಡ್ರಿ.”

“ಚೀಲಕ್ಕೂ ಒಂದೊಂದು ಸೀರೆ ಉಡಿಸ್ಕೊಂಡು ಬರ್ಬೇಕಿತ್ತಕ್ಕಾ!” ಎಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು. ಬಸ್ಸೆಲ್ಲ ನಕ್ಕಿತು. ಸುಂಕಲಮ್ಮನಿಗೆ ನಗು ಬರಲಿಲ್ಲ.

ಹೋದ ವಾರದವರೆಗೂ ದಾವಣಗೆರೆ ಪಕ್ಕದ ಆವರಗೆರೆಯ ಅವಳ ಮಂಡಕ್ಕಿ ಭಟ್ಟಿಯಿಂದ ಮಾಲು ಒಯ್ಯುತ್ತಿದ್ದದ್ದು ಚೌಡೇಶನ ಟೆಂಪೊ. “ಡೀಸೆಲ್ ದುಡ್ಡೇ ಹುಟ್ಟಲ್ಲಕ್ಕಾ” ಎಂದು ಅವನು ಕೈಮುಗಿದ. ಒಲೆಗೆ ಹಾಕುವ ಭತ್ತದ ಹೊಟ್ಟನ್ನು ಹಿಂದೆಲ್ಲ ಅಕ್ಕಿ ಮಿಲ್ಲಿನವರು ಅಂಗಳ ಖಾಲಿಯಾದರೆ ಸಾಕೆಂದು ಕರೆದು ಕೊಡುತ್ತಿದ್ದರು. ಈಗ ಹೊಟ್ಟಿಗೂ ಬೆಲೆ ಬಂದು, ಕೇಳಿದರೆ ಮುಖ ತಿರುಗಿಸುತ್ತಾರೆ. ಉಳಿದ ದೊಡ್ಡ ಗಿರಾಕಿ ಹರಿಹರದ ಕೊಟ್ಟೂರೇಶ್ ಒಬ್ಬನೇ. ಅವನು ತಪ್ಪಿದರೆ ಅವಳೂ ಅವಳ ಓರಗಿತ್ತಿ ಹಂಪವ್ವನೂ ಸೇರಿ ಹದಿನೆಂಟು ವರ್ಷ ನಡೆಸಿದ ಭಟ್ಟಿ ತಣ್ಣಗಾದಂತೆಯೇ.

ಸ್ಟೇಷನ್ ಹತ್ತಿರದ ಖಾರ ಮಂಡಕ್ಕಿ ಅಂಗಡಿಯಲ್ಲಿ ಕೊಟ್ಟೂರೇಶ್ ಎದ್ದು ನಿಂತು ಕರೆದ. “ಬರ್ರಿ ಅಕ್ಕಾರ, ನಾನೇ ಫೋನ್ ಮಾಡೋನಿದ್ದೆ. ಹಿತ್ತಲಿಗೆ ಬರ್ರಿ, ಒಂದು ತೋರಿಸ್ತೀನಿ.”

ಹಿತ್ತಲಲ್ಲಿ ಹೊಸ ಭಟ್ಟಿ. ಹೊಗೆ ಕಾಣದ ಇಟ್ಟಿಗೆ, ದೊಡ್ಡ ಬಾಣಲೆ, ಹುರಿಯಲೆಂದು ಜರಡಿ ಹಿಡಿದ ಮರಳಿನ ಗುಡ್ಡೆ.

ಸುಂಕಲಮ್ಮ ಬಾಣಲೆಯ ಅಂಚು ಮುಟ್ಟಿ ನೋಡಿದಳು. “ಇದೇನ್ ಮಾಡ್ಬಿಟ್ಟಿಯೋ ಕೊಟ್ಟೂರೇಶಾ!”

“ಸಿಟ್ಟಾಗಬ್ಯಾಡ್ರಿ. ಮಂಡಕ್ಕಿಯೊಳಗೆ ಏನೈತೆ ಹೇಳ್ರಿ? ಗಾಳಿ. ಇಷ್ಟು ವರ್ಷ ನಾವಿಬ್ರೂ ಗಾಳಿಗೆ ಬಾಡಿಗೆ ಕೊಟ್ಟೀವಿ. ಅಕ್ಕಿ ಇಲ್ಲೇ ಸಿಗ್ತೈತೆ. ಹೊಟ್ಟು ನಮ್ಮ ಭಾವನ ಮಿಲ್ಲಿಂದು.”

“ಹುರಿಯೋರ್ಯಾರು?”

“ನಿಮ್ಮ ಕೈ ಹದ ಬೇರೆ ಯಾರಿಗೈತ್ರಿ? ನೀವೇ ಬರ್ರಿ, ಕೂಲಿಗೆ ಮೋಸ ಇಲ್ಲ. ಅಲ್ಲಿಂದ ಇಲ್ಲಿಗೆ ತರೋಕೆ ಏನೂ ಖರ್ಚಿಲ್ಲದ್ದು ಅಂದ್ರೆ ನೀವೊಬ್ರೇ ಅಕ್ಕಾರ!”

ಕೊಂಕಿರಲಿಲ್ಲ ಮಾತಿನಲ್ಲಿ. ಅಕ್ಕನಿಗೊಂದು ಉಪಕಾರ ಮಾಡಿದೆನೆಂಬ ಸಂತೋಷವೇ ಇತ್ತು. ಅದಕ್ಕೇ ಅವಳಿಗೆ ಬೈಯಲೂ ಆಗಲಿಲ್ಲ. ಮರಳಿನ ಗುಡ್ಡೆಯ ಮೇಲೆ ಕೂತಳು. ಬೆರಳುಗಳು ತಮ್ಮಷ್ಟಕ್ಕೆ ಮರಳನ್ನು ಹಿಡಿದು ನೋಡಿದವು. ಸಣ್ಣ ಮರಳು, ಒಳ್ಳೆಯದೇ.

“ಹಂಪವ್ವನ್ನ ಬಿಟ್ಟು ನಾನೊಬ್ಳೇ ಬರಲ್ಲ” ಎಂದಳು ಕೊನೆಗೆ.

ಕೊಟ್ಟೂರೇಶ್ ಬೆರಳು ಮಡಿಚಿ ಲೆಕ್ಕ ಹಾಕಿದ. ಮುಖ ಅರಳಿತು. “ಹೌದಲ್ಲ, ಅವ್ರಿಗೂ ಟಿಕೆಟ್ ಇಲ್ಲ! ಕರ್ಕೊಂಡ್ ಬರ್ರಿ.”

ವಾಪಸು ಬಸ್ಸಿನಲ್ಲಿ ಅದೇ ಕಂಡಕ್ಟರ್. ಮಾಲು ಅಂಗಡಿಯಲ್ಲಿ ಸುರಿದು ಅವಳು ತೊಡೆಯ ಮೇಲೆ ಮಡಿಚಿಟ್ಟ ಖಾಲಿ ಚೀಲಗಳನ್ನು ನೋಡಿ, “ಈಗ ಲಗೇಜ್ ಇಲ್ಲೇನಮ್ಮಾ?” ಎಂದ.

“ನಾನೇ ಲಗೇಜು ಕಣಪ್ಪಾ.”

ಅವನು ನಗುತ್ತಾ ಪುಕ್ಕಟೆ ಚೀಟಿ ಹರಿದು ಕೊಟ್ಟ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಹಂಪವ್ವ.

“ಅಕ್ಕಾ, ಎಲ್ಲಿದೀಯ? ನಾಳಿಗೆ ಹುರಿಯೋಕೆ ಎಷ್ಟು ಅಕ್ಕಿಗೆ ಉಪ್ಪುನೀರು ಹಾಕ್ಲಿ?”

ಸುಂಕಲಮ್ಮ ಕಿಟಕಿಯ ಕಡೆ ತಿರುಗಿದಳು. ತೊಡೆಯ ಮೇಲಿನ ಚೀಲಗಳನ್ನು ಮತ್ತೊಮ್ಮೆ ಮಡಿಚಿದಳು.

“ಹಲೋ? ಅಕ್ಕಾ?”

“ಅಕ್ಕಿ ಬ್ಯಾಡ ಕಣೇ. ನಿನ್ನ ಆಧಾರ್ ಕಾರ್ಡ್ ಎಲ್ಲೈತೆ, ಹುಡುಕಿಟ್ಕೋ.”