ಹಿಂದಕ್ಕ ತಗೊಳ್ರಿ

೧.

ಎಲ್ಲಿಂದ ಶುರು ಮಾಡಲಿ? ಹಾವಿನಿಂದ ಶುರು ಮಾಡಿದರೆ ಜನಪದ ಕಥೆಯಾಗುತ್ತದೆ. ಅದಿರು ಲಾರಿಯಿಂದ ಶುರು ಮಾಡಿದರೆ ಪೇಪರಿನ ವರದಿಯಾಗುತ್ತದೆ. ಬಳ್ಳಾರಿ ಎಂದರೆ ಈಗ ಎಲ್ಲರೂ ಬರೆಯುವುದು ಅದನ್ನೇ. ಉತ್ತರ ಪತ್ರಿಕೆಯಿಂದ ಶುರು ಮಾಡಿದರೆ ನಾನು ಸಿಕ್ಕಿಬೀಳುತ್ತೇನೆ. ಹೀಗಾಗಿ ಮೂರು ಸಲ ಶುರು ಮಾಡಿ ಮೂರು ಸಲ ಹರಿದು ಹಾಕಿದ್ದೇನೆ.

(ಹರಿದು ಹಾಕಿದ್ದೇನೆ ಎನ್ನುವುದು ಬರೀ ಮಾತಿಗೆ. ಕಂಪ್ಯೂಟರಿನಲ್ಲಿ ಬರೆಯುವವನು ಹರಿಯುವುದೇನು ಬಂತು, ಡಿಲೀಟ್ ಒತ್ತಿದೆ. ಆದರೆ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುವವನಿಗೆ ಒಂದು ವಿಷಯ ಗೊತ್ತಿರುತ್ತದೆ. ಡಿಲೀಟ್ ಮಾಡಿದ್ದು ಎಲ್ಲಿಗೂ ಹೋಗಿರುವುದಿಲ್ಲ. ಪಟ್ಟಿಯಿಂದ ಹೆಸರು ಮಾತ್ರ ಹೋಗಿರುತ್ತದೆ, ಒಳಗೆ ಅದು ಹಾಗೇ ಬಿದ್ದಿರುತ್ತದೆ.)

೨.

ಆಯಿತು, ಸಿಕ್ಕಿಬೀಳೋಣ.

ನನ್ನ ಹೆಸರು ಉಮಾಪತಿ. ಬಳ್ಳಾರಿಯ ಒಂದು ಕಾಲೇಜಿನಲ್ಲಿ ಬಿ.ಸಿ.ಎ. ಮಕ್ಕಳಿಗೆ ಆಪರೇಟಿಂಗ್ ಸಿಸ್ಟಮ್ ಹೇಳುತ್ತೇನೆ. (ಕಾಲೇಜಿನ ಹೆಸರು ಬೇಡ, ನೌಕರಿ ಇನ್ನೂ ಬೇಕು.) ಬಿಡುವಿನಲ್ಲಿ ಕಥೆ ಬರೆಯುತ್ತೇನೆ. ಮಕ್ಕಳು ನನ್ನ ಪಾಠ ಕಥೆಯ ಹಾಗಿದೆ ಎನ್ನುತ್ತಾರೆ, ಓದುಗರು ನನ್ನ ಕಥೆ ಪಾಠದ ಹಾಗಿದೆ ಎನ್ನುತ್ತಾರೆ. ಇಬ್ಬರೂ ಹೊಗಳುತ್ತಿಲ್ಲ.

೨೦೦೮ರ ಸೆಪ್ಟೆಂಬರಿನ ಇಂಟರ್ನಲ್ ಟೆಸ್ಟಿನಲ್ಲಿ ಫರ್ಜಾನಾ ಎಂಬ ಹುಡುಗಿಗೆ ಹತ್ತು ಅಂಕದ ಪ್ರಶ್ನೆಯೊಂದಕ್ಕೆ ಸೊನ್ನೆ ಕೊಟ್ಟೆ. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ 'ಇರ್ರೆಲೆವೆಂಟ್' ಎಂದು ಬರೆದೆ. ಆ ಸೊನ್ನೆಯಿಂದ ಅವಳ ಇಂಟರ್ನಲ್ಸ್ ಕಡಿಮೆಯಾಯಿತು, ಪರೀಕ್ಷೆಗೆ ಕೂರಲು ಬಿಡಲಿಲ್ಲ, ಅವಳು ಕಾಲೇಜು ಬಿಟ್ಟಳು. ಈಗ ಬ್ರೂಸ್‌ಪೇಟೆಯಲ್ಲಿ ತನ್ನ ತಂದೆ ಕೆಲಸ ಮಾಡುವ ಅಂಗಡಿಯಲ್ಲಿ ಗಾದಿಯ ಗವುಸು ಹೊಲಿಯುತ್ತಾಳೆ.

ಆ ಸೊನ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೇ? ಈ ಕಥೆ ಬರೆಯುತ್ತಿರುವುದು ಅಷ್ಟಕ್ಕೇ.

೩.

ಪ್ರಶ್ನೆ ಇದು: 'ಡೆಡ್‌ಲಾಕ್ ಎಂದರೇನು? ಅದರ ನಾಲ್ಕು ಷರತ್ತುಗಳನ್ನು ಉದಾಹರಣೆಯೊಡನೆ ವಿವರಿಸಿ.'

ಓದುಗರೇ, ಹೆದರಬೇಡಿ. ಒಂದು ವಸ್ತುವನ್ನು ಒಂದು ಸಲಕ್ಕೆ ಒಬ್ಬರೇ ಬಳಸಬಹುದು, ಇದು ಒಂದನೆಯದು. ತನ್ನ ಕೈಲಿದ್ದದ್ದನ್ನು ಬಿಡದೆ ಇನ್ನೊಬ್ಬರ ಕೈಲಿರುವುದಕ್ಕೆ ಕಾಯುವುದು ಎರಡನೆಯದು. ಯಾರಿಂದಲೂ ಕಿತ್ತುಕೊಳ್ಳುವಂತಿಲ್ಲ, ಮೂರು. ಅವನು ಇವನಿಗೆ, ಇವನು ಇನ್ನೊಬ್ಬನಿಗೆ, ಇನ್ನೊಬ್ಬ ಮತ್ತೆ ಅವನಿಗೇ ಕಾಯುತ್ತ ಸುತ್ತು ಕಟ್ಟಿಕೊಳ್ಳುವುದು ನಾಲ್ಕು. ನಾಲ್ಕೂ ಕೂಡಿದರೆ ಎಲ್ಲವೂ ನಿಂತುಬಿಡುತ್ತದೆ. ಯಾವುದಾದರೂ ಒಂದನ್ನು ಮುರಿದರೆ ಸಾಕು, ದಾರಿ ಬಿಡುತ್ತದೆ.

ಪುಸ್ತಕಗಳಲ್ಲಿ ಇದಕ್ಕೆ ಒಂದು ಇಕ್ಕಟ್ಟಾದ ಸೇತುವೆಯ ಉದಾಹರಣೆ ಇರುತ್ತದೆ. ಎದುರುಬದುರು ಗಾಡಿ ಬಂದರೆ ಒಬ್ಬರು ಹಿಂದಕ್ಕೆ ತೆಗೆದುಕೊಳ್ಳಬೇಕು. ಜುಲೈನಲ್ಲಿ ಇದನ್ನು ಪಾಠ ಮಾಡುತ್ತ, "ಬಳ್ಳಾರಿಯವರಿಗೆ ಇದನ್ನ ಹೇಳಿಕೊಡಬೇಕೇನ್ರೋ?" ಎಂದೆ. ಕ್ಲಾಸು ನಕ್ಕಿತು. ಎರಡನೇ ಬೆಂಚಿನಿಂದ ಫರ್ಜಾನಾ ತಲೆ ಎತ್ತಿದಳು.

"ಸರ್, ಹಿಂದಕ್ಕ ಹೋಗಾಕ ಯಾರೂ ಒಪ್ಪಲಿಲ್ಲಂದ್ರ?"

"ಅದಕ್ಕೂ ಉಪಾಯ ಐತಮ್ಮ. ಉಷ್ಟ್ರಪಕ್ಷಿ ಉಪಾಯ ಅಂತ. ತಲಿ ಉಸುಕಿನಾಗ ಹುಗಿದು, ಏನೂ ಆಗಿಲ್ಲ ಅಂತ ಕುಂದ್ರೂದು. ಬಾಳ ಸಿಸ್ಟಮ್ ಹಂಗ ನಡೀತಾವ."

ಕ್ಲಾಸು ಇನ್ನೂ ಜೋರಾಗಿ ನಕ್ಕಿತು. ಅವಳು ಮಾತ್ರ ಬರೆದುಕೊಂಡಳು.

೪.

ಆಗಸ್ಟಿನ ಒಂದು ಭಾನುವಾರ. ಫರ್ಜಾನಾ ರಜೆಗೆಂದು ಊರಿಗೆ ಹೋಗಿದ್ದಳು, ಸಿರುಗುಪ್ಪ ತಾಲ್ಲೂಕಿನ ಕರೂರಿಗೆ. ಬಳ್ಳಾರಿಯಲ್ಲಿ ಅವಳು ತಂದೆ ಶಾಬುದ್ದೀನರ ಜೊತೆ ಒಂದು ಕೋಣೆಯಲ್ಲಿ ಇರುತ್ತಿದ್ದಳು. ತಾಯಿ ಅಕ್ತರಬಿ ಊರಲ್ಲೇ ಇದ್ದು ಕೂಲಿಗೆ ಹೋಗುತ್ತಿದ್ದರು. ಅವತ್ತು ನೆಲ್ಲು ನಾಟಿ ನಡೆದಿತ್ತು. ಬೆಳಗ್ಗೆ ಹತ್ತರ ಸುಮಾರಿಗೆ ಗದ್ದೆಯ ಬದುವಿನಲ್ಲಿ ಅಕ್ತರಬಿಗೆ ಹಾವು ಕಚ್ಚಿತು.

ಮೊದಲು ತೋರಿಸಿದ ಸಣ್ಣ ಆಸ್ಪತ್ರೆಯಲ್ಲಿ ಬಳ್ಳಾರಿಗೆ ಒಯ್ಯಿರಿ ಎಂದರು. ಊರಿನ ಓಬಳೇಶ ತಾಯಿ ಮಗಳನ್ನು ತನ್ನ ಟಂಟಂ ಆಟೋದಲ್ಲಿ ಹತ್ತಿಸಿಕೊಂಡು ಹೊರಟ. ದೊಡ್ಡ ರಸ್ತೆ ಲಾರಿ ಓಡಿ ಓಡಿ ಗುಂಡಿ ಬಿದ್ದಿತ್ತು, ಅದಕ್ಕೆ ಕುರುಗೋಡಿನ ಮೇಲೆ ಹಾಯುವ ಒಳದಾರಿ ಹಿಡಿದ. ಅದೇ ಲೆಕ್ಕ ಹಾಕಿ ಲಾರಿಗಳೂ ಒಳದಾರಿ ಹಿಡಿದಿದ್ದವು. ಕುರುಗೋಡು ಇನ್ನೂ ಮುಂದಿರುವಾಗ ಒಂದು ಕಾಲುವೆ, ಅದರ ಮೇಲೆ ಒಂದೇ ಗಾಡಿ ಹಿಡಿಸುವ ಸೇತುವೆ.

ಸೇತುವೆಯ ನಡುವೆ ಅದಿರು ತುಂಬಿದ ಲಾರಿಯೂ ಖಾಲಿ ಲಾರಿಯೂ ಮುಖಕ್ಕೆ ಮುಖ ಕೊಟ್ಟು ನಿಂತಿದ್ದವು. ಖಾಲಿ ಲಾರಿಯ ಹಿಂದೆ ಸಿರುಗುಪ್ಪ ಕಡೆಯಿಂದ ಬಂದ ಬಸ್ಸು, ಬಸ್ಸಿನ ಹಿಂದೆ ಟಂಟಂ. ಆ ಕಡೆ, ತುಂಬಿದ ಲಾರಿಯ ಹಿಂದೆ, ಒಂದು ಬಿಳಿ ಮಾರುತಿ ಕಾರು. ಕಾರಿನ ಹಿಂದೆ ಲಾರಿಗಳ ಸಾಲು.

"ಲೋಡು ಬಂಡಿ ಸಾರ್, ವೆನಕ್ಕಿ ಪೋದು," ಎಂದು ತುಂಬಿದ ಲಾರಿಯವನು ತೆಲುಗಿನಲ್ಲಿ ಕೈಯಾಡಿಸಿದ. ಖಾಲಿಯದೇ ಹಿಂದಕ್ಕೆ ಹೋಗಲಿ ಎಂದು ಅವನ ವಾದ. ಖಾಲಿ ಲಾರಿಯವನು ಬಸ್ಸಿನ ಕಡೆ ಬೆರಳು ತೋರಿಸಿದ. ಬಸ್ಸಿನ ಡ್ರೈವರ್ ಚಿದಾನಂದಪ್ಪ ಇಳಿದು ಬಂದ. "ನನ್ನ ಬಸ್ಸಿನಾಗ ಐವತ್ತು ಮಂದಿ ಅದಾರ. ಆ ಕಡಿ ಒಂದ ಕಾರು ಐತಿ. ಅವ್ರು ಹಿಂದಕ್ಕ ತಗೊಳ್ಳಿ, ಲೋಡು ಲಾರಿ ತಾನ ಹಿಂದಕ್ಕ ಹೊಕ್ಕೈತಿ." ಕಾರಿನವನು ಮುಂದಿದ್ದ ಲಾರಿಯ ಬೆನ್ನು ನೋಡುತ್ತ ಕೂತಿದ್ದ.

ಹನ್ನೊಂದೂವರೆಗೆ ಕಟ್ಟಿಕೊಂಡ ಸುತ್ತು ಬಿಡುವ ಹೊತ್ತಿಗೆ ಒಂದೂಕಾಲು. ಅಷ್ಟರಲ್ಲಿ ಅಕ್ತರಬಿ ಸೇತುವೆಯ ಕಟ್ಟೆಯ ಪಕ್ಕ, ಮಗಳ ತೊಡೆಯ ಮೇಲೆ ಸತ್ತಿದ್ದರು.

೫.

ಫರ್ಜಾನಾ ಬರೆದ ಉತ್ತರ ನನ್ನ ಮೇಜಿನ ಖಾನೆಯಲ್ಲಿ ಎರಡು ವರ್ಷದಿಂದ ಇದೆ. ಮೇಲೆ ವೃತ್ತ, ಬಾಣಗಳ ಒಂದು ಚಿತ್ರವಿದೆ. ಕೆಳಗಿನ ವಿವರಣೆ ತಪ್ಪು ತಪ್ಪು ಇಂಗ್ಲಿಷಿನಲ್ಲಿದೆ, ಕನ್ನಡಕ್ಕೆ ತಂದರೆ ಹೀಗೆ:

"ಉದಾಹರಣೆ: ಕುರುಗೋಡು ದಾರಿಯ ಸೇತುವೆ. ಒಂದನೇ ವೃತ್ತ, ತುಂಬಿದ ಲಾರಿ. ಎರಡನೇ ವೃತ್ತ, ಖಾಲಿ ಲಾರಿ. ಮೂರನೇ ವೃತ್ತ, ಬಸ್ಸು. ನಾಲ್ಕನೇ ವೃತ್ತ, ಬಿಳಿ ಮಾರುತಿ. ಗಾಜು ಏರಿಸಿದೆ. ಡೆಡ್‌ಲಾಕ್ ಬಿಡಿಸಲು ಸಿಸ್ಟಮ್ ಯಾರನ್ನಾದರೂ ಒಬ್ಬರನ್ನು ಬಲಿಗೆ ಆರಿಸುತ್ತದೆ, ಯಾರನ್ನು ಕೊಂದರೆ ನಷ್ಟ ಕಡಿಮೆಯೋ ಅವರನ್ನು. ಇಲ್ಲಿ ಆರಿಸಿದ್ದು ನನ್ನ ತಾಯಿಯನ್ನು. ಆದರೆ ಆಕೆ ಯಾವುದನ್ನೂ ಹಿಡಿದುಕೊಂಡಿರಲಿಲ್ಲ. ಆದ್ದರಿಂದ ಆಕೆ ಸತ್ತರೂ ಡೆಡ್‌ಲಾಕ್ ಬಿಡಲಿಲ್ಲ."

ಮೇಷ್ಟ್ರಾಗಿ ಹೇಳುತ್ತೇನೆ: ಉತ್ತರ ಸರಿ. ನಾಲ್ಕು ವೃತ್ತ, ನಾಲ್ಕು ಬಾಣ, ಎಲ್ಲವೂ ಸರಿ. ಯಾವುದನ್ನೂ ಹಿಡಿಯದವರನ್ನು ಕೊಂದರೆ ಏನೂ ಬಿಡುಗಡೆಯಾಗುವುದಿಲ್ಲ ಎಂಬ ಮಾತನ್ನು ನಾನು ಪಾಠದಲ್ಲಿ ಹೇಳಿಯೇ ಇರಲಿಲ್ಲ. ಹತ್ತಕ್ಕೆ ಹತ್ತು ಕೊಡಬೇಕಿತ್ತು.

ಬಿಳಿ ಮಾರುತಿ ನನ್ನದು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಕೆಂಪು ಪೆನ್ನು ತೆಗೆದುಕೊಂಡೆ.

(ಆ ಭಾನುವಾರ ಸಿರುಗುಪ್ಪದಲ್ಲಿ ಒಂದು ಸಾಹಿತ್ಯ ಗೋಷ್ಠಿ ಇತ್ತು. ನಾನು ಕಥೆ ಓದಬೇಕಿತ್ತು. ತಡವಾಗಿ ಹೋದರೂ ಓದಿದೆ. ಮನುಷ್ಯರ ಅಂತಃಕರಣದ ಬಗ್ಗೆ ಕಥೆ, ಚಪ್ಪಾಳೆ ಬಿತ್ತು.)

೬.

ಇನ್ನು ಕಥೆಗಾರನ ಕೆಲಸ. ಒಂದು ಷರತ್ತು ಮುರಿದರೆ ಸಾಕು ತಾನೇ? ಮುರಿಯುತ್ತೇನೆ.

ಕರಡು ಒಂದು. ಸೇತುವೆ ಅಗಲವಾಗಿದೆ. ಎರಡು ಲಾರಿ ಆರಾಮಾಗಿ ಪಾರಾಗುತ್ತವೆ, ಅಕ್ತರಬಿ ಹನ್ನೆರಡೂವರೆಗೆ ಬಳ್ಳಾರಿ ಆಸ್ಪತ್ರೆ ಸೇರುತ್ತಾರೆ.

ಫರ್ಜಾನಾ ಹಾಳೆಯ ಅಂಚಿನಲ್ಲಿ ಬಂದು ನಿಲ್ಲುತ್ತಾಳೆ. "ಯಾವೂರ ಸೇತುವೆ ಸರ್ ಇದು? ನಮ್ಮ ಕಡೀದಲ್ಲ."

ಕರಡು ಎರಡು. ಬಸ್ಸಿನ ಚಿದಾನಂದಪ್ಪನಿಗೆ ಕರುಳು ಚುರ್ ಎನ್ನುತ್ತದೆ, ಬಸ್ಸನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಇದನ್ನು ಅರ್ಧ ಬರೆಯುವಷ್ಟರಲ್ಲಿ ಚಿದಾನಂದಪ್ಪನೇ ಜಗಳಕ್ಕೆ ಬಂದ. "ಮೇಷ್ಟ್ರ, ನನ್ನ ಒಳ್ಳೇವ್ನ ಮಾಡಬ್ಯಾಡ್ರಿ. ನಾ ತಗೊಳ್ಳಲಿಲ್ಲ, ಖರೇ. ಅವತ್ತಿಂದ ಆ ರೂಟು ಬ್ಯಾಡಂತ ಬರಕೊಟ್ಟು ಬ್ಯಾರೆ ರೂಟ್‌ನಾಗ ಅದೀನಿ. ನಿಮ್ಮದು ನೀವು ನೋಡ್ಕೊಳ್ರಿ."

ಕರಡು ಮೂರು. ಹಾವು ನೀರುಹಾವು, ವಿಷವೇ ಇಲ್ಲ. ಸೇತುವೆಯ ಮೇಲೆ ಅಕ್ತರಬಿ ಎದ್ದು ಕೂತು ನೀರು ಕೇಳುತ್ತಾರೆ. ಈ ವಾಕ್ಯ ಬರೆದಾಗ ನನಗೆ ಅಳು ಬಂತು, ಚೆನ್ನಾಗಿ ಬಂದಿದೆ ಅನ್ನಿಸಿತು. (ಅದೇ ನನ್ನ ರೋಗ.)

ಫರ್ಜಾನಾಳಿಗೆ ಸಿಟ್ಟು ಬಂದದ್ದು ಆಗಲೇ.

"ಸಾಕು ಮಾಡ್ರಿ ಸರ್. ಎಷ್ಟು ಸಲ ಉಳಸ್ತೀರಿ ನಮ್ಮಮ್ಮನ್ನ? ನೀವು ಉಳಿಸಿ ಮನಿಗೆ ಹೋಗ್ತೀರಿ. ನಾ ಮತ್ತ ಆಕಿನ್ನ ಮಣ್ಣು ಮಾಡಬೇಕು."

"ಹಂಗಾರ ಏನು ಬರೀಲಮ್ಮ?"

"ನಿಮ್ಮ ಗಾಜಿಂದು ಬರೀರಿ."

"ಬರದೀನಲ್ಲ. ಗಾಜು ಏರಿಸಿದೆ ಅಂತ."

"ಅದು ನಾ ಬರದಿದ್ದು. ನೀವು ಬರೀರಿ."

೭.

ಬರೆಯುತ್ತೇನೆ.

ಕೆಂಪು ಧೂಳು ಏಳುತ್ತಿತ್ತು, ಗಾಜು ಏರಿಸಿದ್ದೆ. ಪಕ್ಕದ ಸೀಟಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಇತ್ತು, ಗೋಷ್ಠಿಗೆ ಹಾಕಿಕೊಳ್ಳಲು. ಲಾರಿಯ ಸಂದಿಯಿಂದ ಒಬ್ಬ ಹುಡುಗಿ ಓಡಿ ಬಂದಳು. ಧೂಳಿಗೆಂದು ದುಪಟ್ಟಾವನ್ನು ಮುಖಕ್ಕೆ ಸುತ್ತಿಕೊಂಡಿದ್ದಳು, ಕಣ್ಣು ಮಾತ್ರ ಕಾಣುತ್ತಿದ್ದವು. ಗಾಜು ತಟ್ಟಿದಳು. ಏನೋ ಹೇಳಿದಳು. ನಾನು ಕೈಯಲ್ಲಿ ಮುಂದಿನ ಲಾರಿ ತೋರಿಸಿದೆ, ಅವನನ್ನು ಕೇಳು ಎಂಬಂತೆ. ಮತ್ತೆ ತಟ್ಟಿದಳು. ನಾನು ಕಥೆಯ ಹಾಳೆಗಳನ್ನು ತೊಡೆಯ ಮೇಲೆ ತೆಗೆದುಕೊಂಡು ಓದುವವನ ಹಾಗೆ ಕೂತೆ.

ಉಷ್ಟ್ರಪಕ್ಷಿ ಉಪಾಯ.

ನಾಲ್ಕನೇ ಭಾಗದಲ್ಲಿ 'ಕಾರಿನ ಹಿಂದೆ ಲಾರಿಗಳ ಸಾಲು' ಎಂದು ಬರೆದಿದ್ದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆ ಸಾಲು ಬಂದದ್ದು ಅರ್ಧ ಗಂಟೆ ಕಳೆದ ಮೇಲೆ. ಅವಳು ಗಾಜು ತಟ್ಟಿದಾಗ ನನ್ನ ಹಿಂದೆ ರಸ್ತೆ ಖಾಲಿ ಇತ್ತು. ಗಾಡಿ ತಿರುಗಿಸಿಕೊಂಡು ಅಕ್ತರಬಿಯನ್ನು ಬಳ್ಳಾರಿಗೆ ಒಯ್ಯಬಹುದಿತ್ತು. ಅವಳು ಕೇಳಿದ್ದು ಅದನ್ನೇ ಇರಬೇಕು.

ಸಂಜೆ ಕಾರು ತೊಳೆಯುವಾಗ ನೋಡಿದೆ, ಗಾಜಿನ ಧೂಳಿನಲ್ಲಿ ಐದು ಬೆರಳಿನ ಗುರುತಿತ್ತು. ನೀರು ಹಾಕಿದೆ, ಹೋಯಿತು.

೮.

ಇನ್ನೂ ಒಂದು ಹಿಂದಕ್ಕೆ ತೆಗೆದುಕೊಳ್ಳಬೇಕು. ಆರನೇ ಭಾಗದಲ್ಲಿ ನನ್ನೊಡನೆ ಜಗಳವಾಡಿದ ಫರ್ಜಾನಾ ನಾನು ಬರೆದವಳು. ಅವಳ ಸಿಟ್ಟು ಕೂಡ ನನಗೆ ಬೇಕಾದ ಅಳತೆಯಲ್ಲಿದೆ. ನಿಜವಾದ ಫರ್ಜಾನಾ ಸೊನ್ನೆಯ ಪತ್ರಿಕೆ ನೋಡಿ ಸಹಿ ಮಾಡಿ ವಾಪಸು ಕೊಟ್ಟಳು, ಅಷ್ಟೇ. ಆ ಕಾರು ನನ್ನದೆಂದು, ಧೂಳು ಹಿಡಿದ ಗಾಜಿನ ಒಳಗೆ ಕೂತವನು ನಾನೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಅದೂ ನನಗೆ ತಿಳಿಯದು. ಗೊತ್ತಿದ್ದೇ ಬರೆದಿದ್ದರೆ ಆ ಉತ್ತರ ನನಗೆ ಬರೆದ ಪತ್ರ. ಗೊತ್ತಿಲ್ಲದೆ ಬರೆದಿದ್ದರೆ, ತನ್ನ ಮೇಷ್ಟ್ರಿಗೆ ಅರ್ಥವಾಗುತ್ತದೆಂದು ನಂಬಿ ಬರೆದದ್ದು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಎರಡು ವರ್ಷದಿಂದ ಯೋಚಿಸುತ್ತಿದ್ದೇನೆ. ಎರಡನೆಯದೇ.

ಕಾಲೇಜಿನಿಂದ ಬ್ರೂಸ್‌ಪೇಟೆಗೆ ನಡೆದು ಹೋದರೆ ಹದಿನೈದು ನಿಮಿಷ. ನಾನು ಹೋಗಿಲ್ಲ. ಕಥೆ ಬರೆಯುವುದು ಸುಲಭ.

೯.

ಇಲ್ಲಿ ಮುಕ್ತಾಯ ಬರಬೇಕು. ಮೂರು ಯೋಚಿಸಿಟ್ಟಿದ್ದೆ: ಅವಳು ಕ್ಷಮಿಸುತ್ತಾಳೆ, ಅವಳು ಉಗಿಯುತ್ತಾಳೆ, ಅಂಗಡಿ ಮುಚ್ಚಿದೆ. ಮೂರೂ ನನಗೆ ಅನುಕೂಲವಾದವು, ಅದಕ್ಕೇ ಮೂರನ್ನೂ ಬಿಟ್ಟೆ.

ಇವತ್ತು ಮಧ್ಯಾಹ್ನ ಉತ್ತರ ಪತ್ರಿಕೆಯನ್ನು ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡು ಕಾರಿನಲ್ಲಿ ಬ್ರೂಸ್‌ಪೇಟೆಗೆ ಬಂದೆ. 'ಇರ್ರೆಲೆವೆಂಟ್' ಎಂಬುದನ್ನು ಹೊಡೆದುಹಾಕಿ ಹತ್ತು ಎಂದು ಬರೆದಿದ್ದೇನೆ. ಈಗ ಅದರಿಂದ ಯಾವ ಪ್ರಯೋಜನವೂ ಇಲ್ಲ, ಗೊತ್ತು. ಗಾದಿ ಅಂಗಡಿಯ ಎದುರು ನಿಲ್ಲಿಸಿದೆ. ಒಳಗೆ ಶಾಬುದ್ದೀನರು ಅರಳೆ ತುಂಬುತ್ತಿದ್ದಾರೆ. ಬಾಗಿಲ ಹತ್ತಿರ ಮಿಷನ್ನಿನ ಮುಂದೆ ಫರ್ಜಾನಾ. ಅರಳೆಯ ಧೂಳಿಗೆ ದುಪಟ್ಟಾವನ್ನು ಮುಖಕ್ಕೆ ಸುತ್ತಿಕೊಂಡಿದ್ದಾಳೆ, ಕಣ್ಣು ಮಾತ್ರ ಕಾಣುತ್ತವೆ. ಆ ಕಣ್ಣುಗಳನ್ನು ಅವತ್ತು ನಾನು ಗುರುತಿಸಿದ್ದೆ. ಇದನ್ನು ಇಲ್ಲಿಯವರೆಗೆ ನಿಮಗೆ ಹೇಳಿರಲಿಲ್ಲ.

ಓಣಿ ಸಣ್ಣದು. ಹಿಂದೆ ಅರಳೆಯ ಮೂಟೆ ಹೇರಿದ ಟೆಂಪೋ ಬಂದು ಹಾರನ್ ಹೊಡೆಯುತ್ತಿದೆ. ಮುಂದೆ ಎದುರಿಗೆ ಒಂದು ಆಟೋ. ಯಾರೋ ಕೂಗುತ್ತಿದ್ದಾರೆ. ಫರ್ಜಾನಾ ತಲೆ ಎತ್ತಿ ಕಾರು ನೋಡಿದಳು, ಕೈಲಿದ್ದ ಬಟ್ಟೆ ಕೆಳಗಿಟ್ಟು ಎದ್ದಳು, ಬಂದು ನನ್ನ ಗಾಜಿನ ಪಕ್ಕ ನಿಂತಳು. ದುಪಟ್ಟಾದೊಳಗೆ ತುಟಿ ಅಲ್ಲಾಡುತ್ತಿದೆ. ಏನೋ ಹೇಳುತ್ತಿದ್ದಾಳೆ. ದಾರಿ ಬಿಡಿ ಎನ್ನುತ್ತಿರಬಹುದು, ಅಷ್ಟೇ ಇರಬಹುದು.

ಹಿಡಿಕೆ ತಿರುಗಿಸಿದೆ. ಗಾಜು ನಾಲ್ಕು ಬೆರಳು ಇಳಿಯಿತು.

ಆ ಸಂದಿಯಿಂದ ನನಗೆ ಕೇಳಿಸಿದ್ದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೂ ನನ್ನ ಮಾತೇ ಆಗುತ್ತದೆ, ಅವಳದಲ್ಲ. ಹಿಂದಿನ ಟೆಂಪೋ ಇನ್ನೂ ಹಾರನ್ ಹೊಡೆಯುತ್ತಿದೆ.