ಬೆಟ್ಟದ ಮೇಲಿನ ಅಪ್ಪ

ಅಪ್ಪ ತೊಂಬತ್ತೊಂದು ವರ್ಷ ಬದುಕಿ, ಒಂದು ಮಧ್ಯಾಹ್ನ ಊಟ ಮುಗಿಸಿ ಕುರ್ಚಿಗೆ ಒರಗಿದವರು ಮತ್ತೆ ಏಳಲಿಲ್ಲ. ನರಳಲಿಲ್ಲ, ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಬಂದವರೆಲ್ಲ ಪುಣ್ಯವಂತ ಎಂದರು. ಮಗಳಿಗೆ ಮಾತ್ರ ಸಿಟ್ಟು ಬಂತು. ಹೇಳದೆ ಕೇಳದೆ ಹೊರಟುಹೋಗುವುದು ಈ ಮನುಷ್ಯನಿಗೆ ಹೊಸದೇನಲ್ಲ ಎಂದುಕೊಂಡಳು.

ತಿಂಗಳ ನಂತರ ಚಾರಣ ಸಂಘದವರು ಅಪ್ಪನ ನೆನಪಿಗೆ ಒಂದು ಸಭೆ ಇಟ್ಟರು. ಸಂಘದ ಹಾಲ್ ಇದ್ದದ್ದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಿಟಕಿ ತೆಗೆದರೆ ರಬ್ಬರ್ ವಾಸನೆ, ಮುಚ್ಚಿದರೆ ಸೆಕೆ. ಮೂಲೆಯಲ್ಲಿ ಸುತ್ತಿಟ್ಟ ಹಗ್ಗಗಳು, ಮಣ್ಣು ಹಿಡಿದ ಟೆಂಟುಗಳು. ಮಗಳು ತನ್ನ ಹೊಲಿಗೆ ಅಂಗಡಿಯನ್ನು ಬೇಗ ಮುಚ್ಚಿ, ಅಮ್ಮ ಬಿಡದೆ ಕರೆದಳೆಂದು ಬಂದಿದ್ದಳು. ಅಮ್ಮ ಮುಂದಿನ ಸಾಲಿನಲ್ಲಿ ಕೈಚೀಲವನ್ನು ಮಡಿಲಲ್ಲಿ ಒತ್ತಿಕೊಂಡು ಕೂತಿದ್ದಳು. ಆಚೆ ಬದಿಗೆ ತಮ್ಮ. ಅವನದು ಸೈಕಲ್ ರಿಪೇರಿ ಕೆಲಸ. ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸ್ ಹೋಗಿರಲಿಲ್ಲ. ಮಡಚಲು ಬಾರದ ಎಡಗಾಲನ್ನು ಮುಂದೆ ಚಾಚಿದ್ದ.

ಸಂಘದ ಈಗಿನ ಅಧ್ಯಕ್ಷ ಒಂದು ಜಿಮ್ ನಡೆಸುವವನು. ಅಪ್ಪನನ್ನು ಮುಪ್ಪಿನಲ್ಲಿ ಮಾತ್ರ ಕಂಡಿದ್ದ. ಆದರೂ ಜೊತೆಗೇ ಬೆಟ್ಟ ಹತ್ತಿದವನಂತೆ ಮಾತಾಡಿದ. ಅಂಚೆ ಕಚೇರಿಯ ಕಿಟಕಿಯಿಲ್ಲದ ಕೋಣೆಯಲ್ಲಿ ವಾರವಿಡೀ ಟಪಾಲು ವಿಂಗಡಿಸುತ್ತಿದ್ದವರು ಶನಿವಾರ ಬೂಟು ಕಟ್ಟಿದರೆ ಸೋಮವಾರವೇ ಬಿಚ್ಚುತ್ತಿದ್ದುದನ್ನು ಹೇಳಿದ. ತುಂಬಿದ ಹೊಳೆಗೆ ತೆಪ್ಪ ಇಳಿಸಿದ್ದನ್ನು ಹೇಳಿದ. ಊಟದ ಡಬ್ಬಿ ಕಚ್ಚಿಕೊಂಡು ಓಡಿದ ಕರಡಿಯನ್ನು "ಡಬ್ಬಿನಾದ್ರೂ ವಾಪಸ್ ಕೊಡೋ" ಎಂದು ಕೂಗುತ್ತ ಬೆನ್ನಟ್ಟಿದ್ದನ್ನು ಹೇಳಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮನೂ ನಕ್ಕ. ಅಕ್ಕ ನಗಲಿಲ್ಲ.

"ಇಷ್ಟೆಲ್ಲ ಮಾಡಿದ್ರೂ ಅವರು ಮೊದಲು ಸಂಸಾರಸ್ಥರು," ಎಂದ ಅಧ್ಯಕ್ಷ. "ಹೆಂಡತಿ ಮಕ್ಕಳನ್ನ ಬಿಟ್ಟು ಒಂದು ಹೆಜ್ಜೆ ಇಟ್ಟವರಲ್ಲ. ಈ ಫೋಟೋ ನೋಡಿ."

ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಫೋಟೋ ಬಿತ್ತು. ಬೆಟ್ಟದ ನೆತ್ತಿ. ಅಮ್ಮ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಳು. ಪಕ್ಕದಲ್ಲಿ ತಮ್ಮ, ಕಾಲು ಇನ್ನೂ ಸರಿಯಾಗಿದ್ದ ಕಾಲದವನು. ಅಪ್ಪನ ಹೆಗಲ ಮೇಲೆ ಎರಡು ಜಡೆಯ ಒಬ್ಬ ಹುಡುಗಿ, ಅವರ ಕೂದಲು ಹಿಡಿದುಕೊಂಡು ಬಾಯಿ ತುಂಬ ನಗುತ್ತಿದ್ದಳು.

"ಆ ಮಗಳು ಇವತ್ತು ನಮ್ಮ ಜೊತೆ ಇದ್ದಾರೆ!" ಅಧ್ಯಕ್ಷ ಅವಳ ಕಡೆ ಕೈ ಚಾಚಿದ. ಚಪ್ಪಾಳೆ ಬಿತ್ತು.

ಅವಳು ಎದ್ದು ನಿಂತಳು. "ಅದು ನಾನಲ್ಲ."

ಹಿಂದಿನವರಿಗೆ ಕೇಳಿಸದೆ ಅವರಿನ್ನೂ ಚಪ್ಪಾಳೆ ತಟ್ಟುತ್ತಿದ್ದರು. ಅವಳು ದನಿ ಎತ್ತರಿಸಿದಳು.

"ಅದು ಇವರ ಜೊತೆ ಚಾರಣಕ್ಕೆ ಬರ್ತಿದ್ದ ಹಲ್ಲಿನ ಡಾಕ್ಟರ ಮಗಳು. ನಮ್ಮಪ್ಪನ ಹೆಗಲ ಮೇಲೆ ನಾನು ಯಾವತ್ತೂ ಕೂತಿಲ್ಲ. ಸಂಸಾರಸ್ಥರಂತೆ! ನನ್ನ ಹತ್ರ ಅವರು ಆಡಿದ ಮಾತು ಅಂದ್ರೆ ಬಾಗಿಲು ಹಾಕು, ಲೈಟ್ ಆರಿಸು. ಅಷ್ಟೇ."

"ಅಕ್ಕ, ಕೂತ್ಕೋ," ಎಂದು ತಮ್ಮ ಹಲ್ಲು ಕಚ್ಚಿ ಹೇಳಿದ.

"ಯಾಕೆ ಕೂರ್ಲಿ? ನಿನ್ನ ಕಾಲಿನ ಕಥೇನೂ ಹೇಳ್ತೀನಿ ಇರು. ಜಾರೋ ಬಂಡೆ ಮೇಲೆ ಚಿಕ್ಕ ಹುಡುಗನ್ನ ಹತ್ತಿಸಿ..."

ಮೈಕ್ ಕುಯ್ಯೆಂದಿತು. ಯಾರೋ "ಪಾಪ, ದುಃಖದಲ್ಲಿದ್ದಾರೆ" ಎಂದರು. ಆ ಪಾಪ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳು ಕುರ್ಚಿ ತಳ್ಳಿ ಮೆಟ್ಟಿಲಿಳಿದುಬಿಟ್ಟಳು.

ನಡೆದದ್ದು ಇಷ್ಟು. ಅವಳಿಗೆ ಹನ್ನೊಂದು ವರ್ಷವಿದ್ದಾಗ ಅಪ್ಪ ಎಲ್ಲರನ್ನೂ ಒಂದು ಕಣಿವೆಗೆ ಕರೆದೊಯ್ದಿದ್ದರು. ಅಲ್ಲಿನ ತೂಗುಸೇತುವೆಯ ಹಲಗೆಗಳ ನಡುವೆ ಕೆಳಗಿನ ನೀರು ಕಾಣುತ್ತಿತ್ತು. ಸ್ವಲ್ಪ ದೂರ ಹೋದವಳು ಕುಸಿದು ಕೂತು ಎರಡೂ ಕೈಯಲ್ಲಿ ಹಗ್ಗ ಹಿಡಿದುಬಿಟ್ಟಳು. ಅಪ್ಪ ಆ ಕಡೆಯಿಂದ ಮೊದಲು ಕರೆದರು, ಆಮೇಲೆ ನಕ್ಕರು, ಕೊನೆಗೆ ಅಮ್ಮನಿಗೆ "ಇನ್ನು ಇವಳನ್ನ ಕರ್ಕೊಂಡು ಬರೋದು ಬೇಡ" ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದಿನಿಂದ ರಜೆ ಬಂದರೆ ಅವಳು ಪಕ್ಕದ ಮನೆಯ ನರ್ಸಮ್ಮನ ಹತ್ತಿರ. ಉಳಿದವರು ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿಸಿಕೊಂಡು, ಅವಳಿಗೆ ಅರ್ಥವಾಗದ ತಮಾಷೆಗಳನ್ನು ಹೊತ್ತುಕೊಂಡು ಬರುತ್ತಿದ್ದರು. ವಾರವೆಲ್ಲ ಅಪ್ಪ ಮನೆಯಲ್ಲಿ ಬಸ್ಸಿಗೆ ಕಾಯುವವರ ಹಾಗೆ ಕೂತಿರುತ್ತಿದ್ದರು.

ಟೈರ್ ಅಂಗಡಿಯ ಮುಂದೆ ತಮ್ಮ ಅವಳನ್ನು ಹಿಡಿದ. ಮೆಟ್ಟಿಲಿಳಿದ ರಭಸಕ್ಕೆ ಏದುಸಿರು ಬಿಡುತ್ತಿದ್ದ.

"ಸತ್ತೋರ ಮಾನ ತೆಗ್ಯೋಕೆ ಇವತ್ತೇ ಬೇಕಿತ್ತಾ ನಿಂಗೆ?"

"ಬದುಕಿದ್ದಾಗ ಸಿಗ್ತಿದ್ರಾ ಅವರು, ತೆಗ್ಯೋಕೆ?"

"ನನ್ನ ಕಾಲಿನ ವಿಷಯ ನಿಂಗ್ಯಾಕೆ? ಬಿದ್ದೋನು ನಾನು. ಆ ದಿನ ಕತ್ತಲಾಗೋವರೆಗೂ ನನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಇಳಿದ್ರು. ನಾನು ಅಳಬಾರ್ದು ಅಂತ ದಾರಿಯುದ್ದಕ್ಕೂ ಹಾಡ್ತಿದ್ರು, ರಾಗ ಇಲ್ಲ ತಾಳ ಇಲ್ಲ. ಅದಕ್ಕಿಂತ ಒಳ್ಳೇ ದಿನ ನನ್ನ ಜನ್ಮದಲ್ಲಿ ಬಂದಿಲ್ಲ. ಕಾಲು ನಂದು ಅಕ್ಕ. ನಿನ್ನ ಸಿಟ್ಟಿಗೆ ಅದನ್ನ ಸಾಲ ಕೊಡಲ್ಲ."

"ಮೂರ್ಖ ನೀನು. ಕುಂಟ್ಕೊಂಡು ಅವರ ಭಜನೆ ಮಾಡು."

ಅವನ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಅಮ್ಮ ಕಂಬಿ ಹಿಡಿದುಕೊಂಡು ಕೆಳಗೆ ಬಂದಳು. ಮಗಳು ಅವಳ ಕಡೆ ತಿರುಗಿದಳು.

"ಅಮ್ಮ, ನೀನೇ ಹೇಳು. ನಿನ್ನನ್ನೂ ಜೀವಮಾನವಿಡೀ ಎಳ್ಕೊಂಡು ತಿರುಗಿದ್ರಲ್ಲ."

"ನಾನೇನು ಟೆಂಟಾ, ಎತ್ಕೊಂಡು ಹೋದ ಕಡೆ ಹೋಗೋಕೆ?" ಅಮ್ಮನ ದನಿ ಚುರುಕಾಗಿತ್ತು. "ನಂಗೆ ಬೆಟ್ಟ ಇಷ್ಟ ಇತ್ತು ಕಣೇ. ನಿಮ್ಮಪ್ಪ ಇಷ್ಟ ಇದ್ರು ಅಂತ ನಾನು ಯಾರಿಗೂ ಹೇಳಿಲ್ಲ. ಮನೇಲಿದ್ರೆ ಗೋಡೆ ಜೊತೆ ಸಂಸಾರ. ಮೇಲೆ ಹೋದ್ರೆ ಮಾತಾಡೋರು, ನಗೋರು, ನೀರು ಬೇಕಾ ಅಂತ ಕೇಳೋರು. ವಾರಕ್ಕೊಂದು ದಿನ ನಂಗೂ ಗಂಡ ಬೇಕಾಗಿತ್ತು."

"ಅದಕ್ಕೆ ನನ್ನನ್ನ ಬಿಟ್ಟು ಹೋಗ್ತಿದ್ದೆ."

"ಹೌದು. ಬಿಟ್ಟು ಹೋಗ್ತಿದ್ದೆ."

ಅಂಗಡಿಯವನು ಸುತ್ತಿಗೆ ಕೆಳಗಿಟ್ಟು ಇವರನ್ನೇ ನೋಡುತ್ತಿದ್ದ. ಇಷ್ಟು ವರ್ಷ ಅಮ್ಮನ ಪರವಾಗಿಯೂ ಸೇರಿಸಿ ಸಿಟ್ಟು ಮಾಡಿಕೊಂಡವಳು ಮಗಳು.

"ಮೇಲೆ ಹೋದಾಗ ನನ್ನ ವಿಷಯ ಒಂದ್ಸಲಾದ್ರೂ ಎತ್ತಿದ್ರಾ?"

ಅಮ್ಮ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು.

"ಇಲ್ಲ. ನಿನ್ನ ಸಮಾಧಾನಕ್ಕೆ ಸುಳ್ಳು ಹೇಳ್ಲಾ?"

ತಮ್ಮ ಅಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟ. ಅಕ್ಕ ನಡೆದುಕೊಂಡೇ ಹೋದಳು.

ಆಮೇಲೆ ಅವಳು ಅಮ್ಮನ ಮನೆ ಕಡೆ ತಲೆ ಹಾಕಲಿಲ್ಲ. ಫೋನ್ ಬಂದರೆ ಕತ್ತರಿಸುವ ಬಟ್ಟೆ ಕೈಯಲ್ಲಿದೆ ಎನ್ನುತ್ತಿದ್ದಳು. ಹಾಗೇ ಎರಡು ತಿಂಗಳು ಕಳೆದ ಮೇಲೆ ಅಮ್ಮನೇ ಬಸ್ ಹತ್ತಿ ಅಂಗಡಿಗೆ ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು.

"ಯಾಕೆ ಬರ್ತಿಲ್ಲ?"

"ಕೆಲಸ ಇದೆ."

"ಕೆಲಸ ಇಲ್ಲದಾಗ?"

"ಸಿಟ್ಟಿದೆ. ಅಪ್ಪನ ಮೇಲಿದ್ದದ್ದರಲ್ಲಿ ಅರ್ಧ ನಿನ್ನ ಮೇಲೆ ಬಂದಿದೆ."

"ಬರ್ಲಿ ಬಿಡು. ಅವರ ಮೇಲಿಟ್ಟು ಏನು ಬಂತು? ಉತ್ತರ ಕೊಡೋ ಜನ ಅಲ್ಲ ಅವರು. ನಾನಾದ್ರೆ ತಿರುಗಿ ಬೈತೀನಿ."

ಅಳತೆ ಕೊಡಲು ನಿಂತಿದ್ದ ಹೆಂಗಸೊಬ್ಬಳು ಅಮ್ಮನ ಗುರುತು ಹಿಡಿದಳು. "ನಿಮ್ಮ ಯಜಮಾನರ ಬಗ್ಗೆ ಪೇಪರಲ್ಲಿ ಓದಿದೆ. ಎಂಥಾ ದೊಡ್ಡ ಮನುಷ್ಯರು!"

"ಬೆಟ್ಟ ಹತ್ತೋದ್ರಲ್ಲಿ ಹೌದು," ಎಂದಳು ಅಮ್ಮ.

ಮಗಳು ಟೇಪನ್ನು ಆ ಹೆಂಗಸಿನ ತೋಳಿಗೆ ಅಗತ್ಯಕ್ಕಿಂತ ಬಿಗಿಯಾಗಿ ಎಳೆದಳು. ನಗು ಬಂದಿತ್ತು, ಅಮ್ಮನಿಗೆ ಅದನ್ನು ತೋರಿಸಲು ಇಷ್ಟವಿರಲಿಲ್ಲ. ಹೆಂಗಸು ಹೋದ ಮೇಲೆ ಹೇಳಿದಳು:

"ಭಾನುವಾರ ಬರ್ತೀನಿ. ಅವನು ಇರಬಾರ್ದು."

"ಇರ್ತಾನೆ. ಕುಂಟ ಅಂದಿದ್ದಕ್ಕೆ ಅವನಿಗೂ ನಿಂಗೆ ಹೇಳೋದಿದೆ. ಇಬ್ರೂ ನನ್ನೆದುರಿಗೇ ಕಿತ್ತಾಡಿ."

ಭಾನುವಾರ ಹೋದಳು. ತಮ್ಮ ಬಾಗಿಲಲ್ಲೇ ನಿಂತಿದ್ದ. ತಟ್ಟೆ ಹಾಕುವ ಮೊದಲೇ ಜಗಳ ಶುರುವಾಯಿತು. ಅಮ್ಮ ಒಲೆ ಆರಿಸಿ ಬಂದು, ಇಬ್ಬರ ನಡುವೆ ಕುರ್ಚಿ ಎಳೆದುಕೊಂಡು ಕೂತಳು.